ಹತ್ತು ಕಿಲೋ ಕಾಫಿಯಿಂದ ಶುರು: ಕೊಡಗಿನಲ್ಲಿ ಕಡಿಮೆ ದುಡ್ಡಿನ ಮನೆ ವ್ಯಾಪಾರ

"ಸ್ವಲ್ಪ ತೋಟ ಇದೆ. ಕೈಯಲ್ಲಿ ಹದಿನೈದು ಸಾವಿರ ಇದೆ. ಕಾಫಿ ಪುಡಿ ಮಾಡಿ ಮಾರೋಣ ಅಂತಿದ್ದೇನೆ, ಎಲ್ಲಿಂದ ಶುರು ಮಾಡಲಿ?" ಈ ಪ್ರಶ್ನೆ ಕೇಳಿಸಿಕೊಂಡು ಕೇಳಿಸಿಕೊಂಡು ಉತ್ತರ ನನಗೆ ಬಾಯಿಪಾಠ ಆಗಿದೆ. ಕೆಲವರು ಕಾಫಿ ಬದಲು ಕರಿಮೆಣಸು ಅನ್ನುತ್ತಾರೆ, ಕೆಲವರು ಜೇನು, ಇನ್ನು ಕೆಲವರು ಕಾಚಂಪುಳಿ, ಅಂದರೆ ಅಡುಗೆಗೆ ಹಾಕುವ ಕೊಡಗಿನ ಕಪ್ಪು ಹುಳಿ. ವಸ್ತು ಬೇರೆಯಾದರೂ ದಾರಿ ಹೆಚ್ಚು ಕಡಿಮೆ ಒಂದೇ. ಇಲ್ಲಿ ಕಾಫಿಯನ್ನೇ ಹಿಡಿದು ಹೇಳುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೊಡಗಿನಲ್ಲಿ ಮೊದಲ ಪ್ಯಾಕೆಟ್ ಮಾರುವುದು ದೊಡ್ಡ ವಿಷಯವಲ್ಲ. ಪ್ರವಾಸಕ್ಕೆ ಬಂದವರು ಊರಿಗೆ ಏನಾದರೂ ಹಿಡಿದುಕೊಂಡು ಹೋಗಲೇಬೇಕು, ನಿಮ್ಮದಲ್ಲದಿದ್ದರೆ ಪಕ್ಕದವರದು. ಆದರೆ ಅದೇ ಗಿರಾಕಿ ಬೆಂಗಳೂರಿಗೆ ಹೋಗಿ ತಿಂಗಳಾದ ಮೇಲೆ "ಇನ್ನೆರಡು ಕಳಿಸಿ" ಅಂತ ಫೋನ್ ಮಾಡಬೇಕು. ದುಡ್ಡು ಉಳಿಯುವುದು ಆ ಎರಡನೇ ಪ್ಯಾಕೆಟ್‌ನಲ್ಲಿ. ಕೆಳಗಿನ ಹಂತಗಳೆಲ್ಲ ಅದಕ್ಕೇ ಇರುವುದು.

ಬೇಕಾಗುವುದು ಇಷ್ಟೇ: ಹತ್ತು ಕಿಲೋ ಒಳ್ಳೆಯ ಕ್ಲೀನ್ ಕಾಫಿ, ಒಂದು ಕೈ ಸೀಲಿಂಗ್ ಮಷಿನ್, ಒಂದು ತಕ್ಕಡಿ, ಪೌಚ್, ಸ್ಟಿಕ್ಕರ್, ವ್ಯಾಪಾರಕ್ಕೇ ಅಂತ ಒಂದು ಫೋನ್ ನಂಬರ್, ಒಂದು ನೋಟ್‌ಬುಕ್. ಕ್ಲೀನ್ ಕಾಫಿ ಅಂದರೆ ಸಿಪ್ಪೆ ಪೂರ್ತಿ ತೆಗೆದ, ಹುರಿಯಲು ಸಿದ್ಧವಾದ ಹಸಿರು ಬೀಜ. ತೋಟ ಇಲ್ಲದಿದ್ದರೆ ನೆಂಟರ ಹತ್ತಿರ ಕೊಳ್ಳಿ, ಅದರಲ್ಲಿ ನಾಚಿಕೆ ಏನಿಲ್ಲ.

1. ಒಂದೇ ವಸ್ತು ಹಿಡಿಯಿರಿ

ಕಾಫಿ, ಮೆಣಸು, ಏಲಕ್ಕಿ, ಜೇನು, ಚಾಕೊಲೇಟ್, ಉಪ್ಪಿನಕಾಯಿ ಎಲ್ಲ ಒಟ್ಟಿಗೆ ಶುರು ಮಾಡಿದರೆ ನಿಮ್ಮ ಹದಿನೈದು ಸಾವಿರ ಬರೀ ಸ್ಟಿಕ್ಕರ್ ಮತ್ತು ಡಬ್ಬಿಗೇ ಹೋಗುತ್ತದೆ. ಆರು ತಿಂಗಳು ಒಂದೇ ವಸ್ತು. ಅದು ತಾನಾಗಿ ಓಡಿದರೆ ಎರಡನೆಯದು.

ಹೋಮ್ ಮೇಡ್ ವೈನ್ ಬಗ್ಗೆ ಪ್ರತಿ ಸಲ ಒಬ್ಬರಾದರೂ ಕೇಳುತ್ತಾರೆ. ಅಬಕಾರಿ ಲೈಸೆನ್ಸ್ ಇಲ್ಲದೆ ವೈನ್ ಮಾರುವುದು ಅಪರಾಧ. "ಅವರೆಲ್ಲ ಮಾರ್ತಾರಲ್ವಾ" ಅನ್ನುವುದು ಕೇಸ್ ಬಿದ್ದ ದಿನ ಕೆಲಸಕ್ಕೆ ಬರುವುದಿಲ್ಲ. ಬಿಟ್ಟುಬಿಡಿ.

2. ಹತ್ತು ಕಿಲೋ ಮಾತ್ರ ಹುರಿಸಿ

ಹುರಿಯುವ ಮಷಿನ್ ಕೊಳ್ಳಬೇಡಿ. ಕೊಡಗಿನ ಪೇಟೆಗಳಲ್ಲಿ ಕೂಲಿಗೆ ಹುರಿದು ಪುಡಿ ಮಾಡಿಕೊಡುವ ಮಿಲ್ಲುಗಳಿವೆ. ಮೊದಲ ವರ್ಷ ಅಷ್ಟು ಸಾಕು. ಮಿಲ್ಲಿಗೆ ಹೋಗುವಾಗ ಮೂರು ವಿಷಯ ನೆನಪಿರಲಿ.

ಮೊದಲನೆಯದು, ಬೀಜವನ್ನು ಮನೆಯಲ್ಲೇ ಆರಿಸಿಕೊಂಡು ಹೋಗಿ. ಕಪ್ಪು ಬೀಜ, ಒಡಕು, ಹುಳ ತಿಂದದ್ದು ಎಲ್ಲ ತೆಗೆಯಿರಿ. ಹತ್ತು ಕಿಲೋ ಆರಿಸಲು ಒಂದು ಮಧ್ಯಾಹ್ನ ಬೇಕು. ಬೇಸರದ ಕೆಲಸ ನಿಜ, ಆದರೆ ಒಂದು ಹಿಡಿ ಕಪ್ಪು ಬೀಜ ಸಾಕು, ಇಡೀ ಪುಡಿಗೆ ಮಣ್ಣು ವಾಸನೆ ಬರಲು.

ಎರಡನೆಯದು, ತೂಕ. ಹುರಿದಾಗ ಬೀಜದ ನೀರಿನಂಶ ಹೋಗಿ ನೂರಕ್ಕೆ 15ರಿಂದ 20ರಷ್ಟು ತೂಕ ಇಳಿಯುತ್ತದೆ. ಹತ್ತು ಕಿಲೋ ಕೊಟ್ಟು ಎಂಟೂಕಾಲು ಕಿಲೋ ಬಂದರೆ ಮಿಲ್ಲಿನವರು ಮೋಸ ಮಾಡಿದರು ಅಂತ ಜಗಳ ಆಡಬೇಡಿ. ಕಪ್ಪಗೆ ಹುರಿದಷ್ಟೂ ತೂಕ ಇನ್ನೂ ಇಳಿಯುತ್ತದೆ.

ಮೂರನೆಯದು, ಗಾಳಿ. ಹುರಿದ ಕಾಫಿ ಕೆಲವು ದಿನ ಗಾಳಿ ಬಿಡುತ್ತಲೇ ಇರುತ್ತದೆ. ನನ್ನ ಮೊದಲ ಸಲದ ಪ್ಯಾಕೆಟ್‌ಗಳನ್ನು ಮಿಲ್ಲಿನಿಂದ ತಂದ ರಾತ್ರಿಯೇ ಬಿಸಿ ಬಿಸಿ ಪುಡಿ ತುಂಬಿ ಸೀಲ್ ಮಾಡಿದ್ದೆ. ಮರುದಿನ ಅಂಗಡಿಯ ಕಪಾಟಿನಲ್ಲಿ ಎಲ್ಲವೂ ಬಲೂನಿನ ಹಾಗೆ ಉಬ್ಬಿ ನಿಂತಿದ್ದವು. ಮುಗುಚಿ ಬೀಳುತ್ತಿದ್ದ ಒಂದು ಪ್ಯಾಕೆಟ್ ಹಿಡಿದು "ಇದು ಹಾಳಾಗಿದೆ ಅಕ್ಕ" ಅಂತ ಅಂಗಡಿಯವರು ಅಷ್ಟನ್ನೂ ವಾಪಸ್ ಕೊಟ್ಟರು. ಹಾಳಾಗಿರಲಿಲ್ಲ, ಹೇಳಿದರೆ ನಂಬುವವರು ಯಾರು? ಪುಡಿಯಾದರೆ ಮುಚ್ಚಿದ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟು ತುಂಬಿಸಿ. ಇಡೀ ಬೀಜ ಮಾರುವುದಾದರೆ ವಾಲ್ವ್ ಪೌಚ್ ತೆಗೆದುಕೊಳ್ಳಿ. ಒಳಗಿನ ಗಾಳಿ ಹೊರಗೆ ಹೋಗುತ್ತದೆ, ಹೊರಗಿನದು ಒಳಗೆ ಬರುವುದಿಲ್ಲ, ಅಂಥ ಸಣ್ಣ ರಂಧ್ರ ಇರುವ ಪೌಚ್ ಅದು.

ಚಿಕೋರಿ, ಅಂದರೆ ಕಾಫಿಗೆ ಬೆರೆಸುವ ಒಂದು ಗಿಡದ ಬೇರಿನ ಪುಡಿ, ಹಾಕಬೇಕಾ ಬೇಡವಾ? ನಿಮ್ಮಿಷ್ಟ. ಫಿಲ್ಟರ್ ಕಾಫಿಯವರಲ್ಲಿ ಅರ್ಧದಷ್ಟು ಮಂದಿಗೆ ಚಿಕೋರಿ ಇಲ್ಲದಿದ್ದರೆ ಡಿಕಾಕ್ಷನ್ ನೀರು ಅನಿಸುತ್ತದೆ. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರಬಾರದು, ಎರಡೂ ಎಷ್ಟೆಷ್ಟು ಅಂತ ಪ್ಯಾಕೆಟ್ ಮೇಲೆ ಬರೆಯಲೇಬೇಕು. ಮುಚ್ಚಿಟ್ಟರೆ ಎರಡನೇ ಪ್ಯಾಕೆಟ್ ಮರೆತುಬಿಡಿ.

3. ಲೆಕ್ಕ ಹಾಕಿ, ಆಮೇಲೆ ಬೆಲೆ ಹೇಳಿ

ಬಹಳ ಮಂದಿ ಎಡವುವುದು ಇಲ್ಲೇ. ಪಕ್ಕದ ಅಂಗಡಿ ₹150 ಅಂತ ಬರೆದಿದ್ದರೆ ನಾವು ₹140 ಅನ್ನುತ್ತೇವೆ. ಅಸಲು ಎಷ್ಟು ಅಂತ ನೋಡಿಯೇ ಇರುವುದಿಲ್ಲ. ಕಾಫಿ ದರ ದಿನಕ್ಕೊಂದು ಇರುತ್ತದೆ, ಹಾಗಾಗಿ ಕೆಳಗಿನ ಅಂಕಿಗಳು ಬರೀ ಲೆಕ್ಕ ತೋರಿಸಲು. ನಿಮ್ಮ ದರ ಹಾಕಿಕೊಳ್ಳಿ.

ಕ್ಲೀನ್ ಕಾಫಿ ಹತ್ತು ಕಿಲೋ, ಕಿಲೋಗೆ ₹400ರಂತೆ: ₹4,000
ಹುರಿದು ಪುಡಿ ಮಾಡುವ ಕೂಲಿ: ₹400
ನಿಮ್ಮ ಒಂದು ದಿನದ ಕೂಲಿ: ₹600
ಪೌಚ್, ಸ್ಟಿಕ್ಕರ್, ಪ್ಯಾಕೆಟ್‌ಗೆ ₹12ರಂತೆ 41 ಪ್ಯಾಕೆಟ್‌ಗೆ: ₹492
ಒಟ್ಟು: ₹5,492

ಬಂದ ಪುಡಿ 8.3 ಕಿಲೋ. 200 ಗ್ರಾಂನ 41 ಪ್ಯಾಕೆಟ್ ಆಗುತ್ತದೆ. ಒಂದಕ್ಕೆ ಬೀಳುವ ಅಸಲು ಸುಮಾರು ₹134. ಎಂಆರ್‌ಪಿ ₹180 ಅಂತ ಇಡೋಣ. ನೀವೇ ಕೈಯಾರೆ ಮಾರಿದರೆ ಉಳಿಯುವುದು ₹46. ಅಂಗಡಿಗೆ ನೂರಕ್ಕೆ 20 ಕಮಿಷನ್ ಬಿಟ್ಟರೆ ನಿಮ್ಮ ಕೈಗೆ ₹144, ಉಳಿಯುವುದು ಹತ್ತೇ ರೂಪಾಯಿ! ಅದರಲ್ಲಿ ಬಸ್ ಚಾರ್ಜು ಕಳೆಯಿರಿ.

ನಿಮ್ಮ ಕೂಲಿಯನ್ನು ಲೆಕ್ಕದಲ್ಲಿ ಬಿಡಬೇಡಿ. "ಮನೆ ಕೆಲಸ ತಾನೆ" ಅಂತ ಬಿಟ್ಟವರು ವರ್ಷದ ಕೊನೆಗೆ ಲಾಭ ಎಲ್ಲಿ ಹೋಯಿತು ಅಂತ ಹುಡುಕುತ್ತಾರೆ. ತೋಟದ ಕಾಫಿಗೂ ಅವತ್ತಿನ ಮಾರ್ಕೆಟ್ ದರವನ್ನೇ ಹಾಕಿ. ಹಾಗೇ ವ್ಯಾಪಾರಿಗೆ ಮಾರಿದ್ದರೆ ಆ ದುಡ್ಡು ಬರುತ್ತಿತ್ತಲ್ವಾ?

4. ಕಾಗದ ಪತ್ರ

ಹೆದರಬೇಡಿ, ಆದರೆ ತಪ್ಪಿಸಬೇಡಿ.

ಎಫ್‌ಎಸ್‌ಎಸ್‌ಎಐ ಅಂದರೆ ಆಹಾರ ಸುರಕ್ಷತಾ ಪ್ರಾಧಿಕಾರ. ಸಣ್ಣ ವಹಿವಾಟಿನವರಿಗೆ ಬೇಸಿಕ್ ರಿಜಿಸ್ಟ್ರೇಷನ್ ಸಾಕು, ಸರ್ಕಾರಿ ಶುಲ್ಕ ವರ್ಷಕ್ಕೆ ₹100. ಫೋಸ್ಕೋಸ್ ಅನ್ನುವ ಅವರ ಪೋರ್ಟಲ್‌ನಲ್ಲಿ ನೀವೇ ಮಾಡಬಹುದು. 14 ಅಂಕಿಯ ನಂಬರ್ ಸಿಗುತ್ತದೆ. ಹುರಿದುಕೊಟ್ಟ ಮಿಲ್ಲಿಗೂ ಅವರದೇ ನಂಬರ್ ಇರಬೇಕು, ಕೇಳಿ ಬರೆದಿಟ್ಟುಕೊಳ್ಳಿ.

ಉದ್ಯಮ್ ರಿಜಿಸ್ಟ್ರೇಷನ್ ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ದಾಖಲಾಗುವುದು. 2020ರ ಜುಲೈಯಿಂದ ಇದೆ. ಆಧಾರ್ ಮತ್ತು ಪ್ಯಾನ್ ಇದ್ದರೆ ಸಾಕು, ಪೂರ್ತಿ ಉಚಿತ. ಸರ್ಕಾರಿ ಸೈಟಿನ ಹಾಗೇ ಕಾಣುವ ಖಾಸಗಿ ಸೈಟುಗಳು ಸಾವಿರಗಟ್ಟಲೆ ಕೇಳುತ್ತವೆ. ಅಡ್ರೆಸ್ ಕೊನೆಯಲ್ಲಿ "ಗವ್ ಡಾಟ್ ಇನ್" ಇದೆಯಾ ಅಂತ ನೋಡಿ. ದುಡ್ಡು ಕೇಳಿದರೆ ಅಲ್ಲೇ ಮುಚ್ಚಿ.

ಮೂರನೆಯದು ತೂಕ ಮತ್ತು ಅಳತೆ ಇಲಾಖೆ, ಕಾಗದದಲ್ಲಿ ಕಾನೂನು ಮಾಪನಶಾಸ್ತ್ರ ಇಲಾಖೆ ಅಂತ ಇರುತ್ತದೆ. ವಸ್ತುವನ್ನು ಮೊದಲೇ ತೂಗಿ ಪ್ಯಾಕ್ ಮಾಡಿ ಮಾರುವವರು ಅಲ್ಲಿ ಪ್ಯಾಕರ್ ಆಗಿ ನೋಂದಾಯಿಸಬೇಕು. ತಕ್ಕಡಿಗೂ ಅವರ ಮುದ್ರೆ ಬೇಕು. ಅಡುಗೆ ಮನೆಗೆಂದು ತಂದ ಅಗ್ಗದ ತಕ್ಕಡಿಯಲ್ಲಿ ತೂಗಿ ಮಾರಬೇಡಿ.

ಇನ್ನು ಜಿಎಸ್‌ಟಿ. ಸಾಮಾನು ಮಾರುವವರಿಗೆ ಕರ್ನಾಟಕದಲ್ಲಿ ವರ್ಷದ ವಹಿವಾಟು ₹40 ಲಕ್ಷ ದಾಟುವ ತನಕ ನೋಂದಣಿ ಕಡ್ಡಾಯವಲ್ಲ. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಏನೆಂದರೆ, ತೆರಿಗೆ ಇರುವ ಸಾಮಾನನ್ನು ಬೇರೆ ರಾಜ್ಯಕ್ಕೆ ಮಾರಿದರೆ ಈ ವಿನಾಯಿತಿ ಇಲ್ಲ, ಮೊದಲ ಪ್ಯಾಕೆಟ್‌ಗೇ ನೋಂದಣಿ ಬೇಕು. ಹುರಿದ ಕಾಫಿಗೆ ತೆರಿಗೆ ಇದೆ. ನಮ್ಮ ಜಿಲ್ಲೆಯವರಿಗೆ ಇದು ದೊಡ್ಡ ಗುಂಡಿ, ಯಾಕೆಂದರೆ ಮಾಕುಟ್ಟ ದಾಟಿದರೆ ಕೇರಳ. ಮಡಿಕೇರಿಯಲ್ಲಿ ನಿಂತ ಕೇರಳದ ಪ್ರವಾಸಿಗೆ ಪ್ಯಾಕೆಟ್ ಕೈಗೆ ಕೊಡುವುದು ಬೇರೆ, ಅವರ ಕಣ್ಣೂರಿನ ಮನೆಗೆ ಪಾರ್ಸೆಲ್ ಕಳಿಸುವುದು ಬೇರೆ. ನೋಂದಣಿ ಆಗುವ ತನಕ ಪಾರ್ಸೆಲ್ ಕರ್ನಾಟಕದ ಒಳಗೇ ಇರಲಿ.

ವ್ಯಾಪಾರಕ್ಕೆ ಬೇರೆ ಬ್ಯಾಂಕ್ ಖಾತೆ ಮಾಡಿ. 2025ರ ಜುಲೈಯಲ್ಲಿ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಜಮೆ ನೋಡಿ ತೆರಿಗೆ ನೋಟಿಸ್ ಬಂದಿದ್ದು ನೆನಪಿರಬಹುದು. ಅಣ್ಣ ಕಳಿಸಿದ ದುಡ್ಡು, ಚೀಟಿ ದುಡ್ಡು, ಕಾಫಿ ದುಡ್ಡು ಎಲ್ಲ ಒಂದೇ ಖಾತೆಗೆ ಬಿದ್ದಿದ್ದರೆ ಯಾವುದು ಯಾವುದು ಅಂತ ಬಿಡಿಸಿ ಹೇಳುವುದು ನಿಮ್ಮ ತಲೆನೋವು.

5. ಸ್ಟಿಕ್ಕರ್

ಚಂದ ಆಮೇಲೆ. ಮೊದಲು ಇರಲೇಬೇಕಾದ್ದು: ವಸ್ತುವಿನ ಹೆಸರು, ಏನೇನು ಹಾಕಿದೆ, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ಗ್ರಾಂಗೆ ಎಷ್ಟು ಬೀಳುತ್ತದೆ ಅನ್ನುವ ಬಿಡಿ ಬೆಲೆ, ಪ್ಯಾಕ್ ಮಾಡಿದ ದಿನ, ಎಷ್ಟರೊಳಗೆ ಬಳಸಬೇಕು, ಬ್ಯಾಚ್ ನಂಬರ್, ನಿಮ್ಮ ಹೆಸರು ಮತ್ತು ಪೂರ್ತಿ ವಿಳಾಸ, ದೂರು ಹೇಳಲು ಫೋನ್ ನಂಬರ್, ಎಫ್‌ಎಸ್‌ಎಸ್‌ಎಐ ನಂಬರ್, ಸಸ್ಯಾಹಾರದ ಹಸಿರು ಚುಕ್ಕೆ.

ನನ್ನ ಕಡೆಯಿಂದ ಇನ್ನೊಂದು ಸೇರಿಸಿ. ಹುರಿದ ತಾರೀಕು. ಕೈಯಲ್ಲಿ ಬರೆದರೂ ಸಾಕು. ಪೇಟೆಯವರು ಈಗ ಅದನ್ನೇ ಮೊದಲು ನೋಡುತ್ತಾರೆ.

ಮೊದಲ ಸಲ ಪೌಚ್ ಮೇಲೇ ಪ್ರಿಂಟ್ ಮಾಡಿಸಬೇಡಿ. ಪ್ರಿಂಟ್ ಮಾಡುವವರು ಸಾವಿರಗಟ್ಟಲೆ ಆರ್ಡರ್ ಕೇಳುತ್ತಾರೆ. ಆಮೇಲೆ ಬೆಲೆ ಬದಲಾದರೆ, ನಂಬರ್ ತಪ್ಪಾದರೆ, ಎಲ್ಲ ಗುಜರಿಗೆ. ಸಾದಾ ಪೌಚ್ ತಂದು ನೂರು ಸ್ಟಿಕ್ಕರ್ ಅಂಟಿಸಿ.

"ಕೂರ್ಗ್ ಅರೇಬಿಕಾ" ಅನ್ನುವ ಹೆಸರಿನ ಬಗ್ಗೆ ಎಚ್ಚರ. ಅದಕ್ಕೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಜಿಐ ಅಂದರೆ ಒಂದು ಊರಿನ ವಿಶೇಷ ಬೆಳೆಗೆ ಕಾನೂನು ಕೊಟ್ಟ ಗುರುತು. ಅರೇಬಿಕಾ ಬದಲು ಇನ್ನೊಂದು ಜಾತಿಯ ಕಾಫಿಯಾದ ರೋಬಸ್ಟಾ ತುಂಬಿಸಿ ಆ ಹೆಸರು ಬರೆಯುವುದು ತಪ್ಪು, ಜಿಐ ಚಿಹ್ನೆಯನ್ನು ಸುಮ್ನೆ ಹಾಕಿಕೊಳ್ಳುವ ಹಾಗೂ ಇಲ್ಲ. ನಿಮ್ಮದು ರೋಬಸ್ಟಾ ಆದರೆ ರೋಬಸ್ಟಾ ಅಂತಲೇ ಬರೆಯಿರಿ. ಒಳ್ಳೆಯ ರೋಬಸ್ಟಾಗೆ ಗಿರಾಕಿ ಇದ್ದಾರೆ. ಜೇನು ಮಾರುವವರಿಗೂ ಒಂದು ಮಾತು: ಶುಗರ್ ವಾಸಿಯಾಗುತ್ತದೆ, ಕೆಮ್ಮು ಹೋಗುತ್ತದೆ ಅಂತೆಲ್ಲ ಬರೆಯಬೇಡಿ. ಆಹಾರದ ಪ್ಯಾಕೆಟ್ ಮೇಲೆ ಕಾಯಿಲೆ ಗುಣಪಡಿಸುವ ಮಾತಿಗೆ ಜಾಗವಿಲ್ಲ.

6. ಮೊದಲ ನಲವತ್ತು ಗಿರಾಕಿಗಳು

ಅಂಗಡಿಗೆ ಹೋಗುವ ಮೊದಲು ಹೋಂಸ್ಟೇಗೆ ಹೋಗಿ. ನನ್ನ ಲೆಕ್ಕದಲ್ಲಿ ಕೊಡಗಿನಲ್ಲಿ ಕಾಫಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಇಲ್ಲ. ಮಳೆ ನಿಂತ ಬೆಳಿಗ್ಗೆ ಜಗಲಿಯಲ್ಲಿ ಕೂತು ಕುಡಿದ ಕಾಫಿಯನ್ನು ಯಾರೂ ಮರೆಯುವುದಿಲ್ಲ. ಆ ಲೋಟದಲ್ಲಿ ಇರುವುದು ನಿಮ್ಮ ಪುಡಿಯಾಗಿರಬೇಕು, ಅಷ್ಟೇ.

ಹತ್ತಿರದ ಎರಡು ಮೂರು ಹೋಂಸ್ಟೇ ಆರಿಸಿ. ತಿಂಗಳಿಗೆ ಅರ್ಧ ಕಿಲೋ ಪುಡಿ ಅಡುಗೆ ಮನೆಗೆ ಉಚಿತ ಕೊಡಿ. ಕೊಟ್ಟು ಬಂದರೆ ಸಾಲದು. ಅಡುಗೆಯವರ ಜೊತೆ ಹತ್ತು ನಿಮಿಷ ನಿಂತು ಒಂದು ಸಲ ಡಿಕಾಕ್ಷನ್ ಇಳಿಸಿ ತೋರಿಸಿ. ಪುಡಿಯನ್ನು ಜಾಸ್ತಿ ಒತ್ತಿದರೆ ಇಳಿಯುವುದಿಲ್ಲ, ಒತ್ತದಿದ್ದರೆ ನೀರಾಗುತ್ತದೆ. ಅವರು ಕೆಟ್ಟ ಕಾಫಿ ಮಾಡಿದರೆ ಹೆಸರು ಹಾಳಾಗುವುದು ನಿಮ್ಮದು. ಆಮೇಲೆ ರೂಮಿಗೊಂದು 30 ಗ್ರಾಂ ಸಣ್ಣ ಪ್ಯಾಕೆಟ್ ಇಡಿಸಿ, ಜೊತೆಗೆ ನಿಮ್ಮ ನಂಬರ್ ಇರುವ ಚೀಟಿ. ಮೇಲಿನ ಲೆಕ್ಕದ ಪ್ರಕಾರ ಅದಕ್ಕೆ ಹತ್ತಿರ ಹತ್ತಿರ ₹20 ಬೀಳುತ್ತದೆ. ಎಲ್ಲರೂ ಕೊಳ್ಳುವುದಿಲ್ಲ. ಹತ್ತರಲ್ಲಿ ಇಬ್ಬರು ಹೊರಡುವಾಗ ಎರಡೆರಡು ಪ್ಯಾಕೆಟ್ ಕೇಳಿದರೂ ದುಡ್ಡು ಹುಟ್ಟುವುದು ಕಷ್ಟ, ಅವರು ಊರಿಗೆ ಹೋಗಿ ಮತ್ತೆ ಕೇಳಿದಾಗ ಮಾತ್ರ ಆ ಖರ್ಚು ಮರಳುತ್ತದೆ. ಆದ್ದರಿಂದ ಚೀಟಿಯಲ್ಲಿ ನಂಬರ್ ದೊಡ್ಡದಾಗಿರಲಿ.

ಹೋಂಸ್ಟೇಯವರು ಮಾರಿಕೊಟ್ಟರೆ ಪ್ಯಾಕೆಟ್‌ಗೆ ಇಷ್ಟು ಅಂತ ಮೊದಲೇ ಮಾತಾಡಿ. ಸ್ನೇಹದಲ್ಲಿ ಬಿಟ್ಟ ಲೆಕ್ಕವೇ ಆಮೇಲೆ ಮನಸ್ತಾಪ ಆಗುವುದು. ಟ್ಯಾಕ್ಸಿಯವರಿಗೆ ಕಮಿಷನ್ ಕೊಟ್ಟು ಗಿರಾಕಿ ಕರೆಸುವ ದಾರಿಯೂ ಇದೆ. ನಾನು ಅದನ್ನು ಹೇಳುವುದಿಲ್ಲ. ಹಾಗೆ ಬಂದವರು ಮತ್ತೆ ಬರುವುದಿಲ್ಲ.

ಅಂಗಡಿಗೆ ಕೊಡುವುದಾದರೆ ಒಂದು ಸಲಕ್ಕೆ ಐದೇ ಪ್ಯಾಕೆಟ್. "ಮಾರಿದ ಮೇಲೆ ದುಡ್ಡು" ಅಂದರೆ ಒಪ್ಪಬಹುದು, ಆದರೆ ಹದಿನೈದು ದಿನಕ್ಕೊಮ್ಮೆ ಹೋಗಿ ನೋಡಿ, ಹಳೆಯದು ತೆಗೆದು ಹೊಸದು ಇಡಿ. ಬಿಸಿಲು ಬೀಳುವ ಗಾಜಿನ ಪಕ್ಕ ಇಟ್ಟಿದ್ದರೆ ಬೇರೆ ಜಾಗ ಕೇಳಿ.

ಮಡಿಕೇರಿಯ ಶುಕ್ರವಾರದ ಸಂತೆಗಿಂತ ಊರಿನ ಕೂಟಗಳು ಈ ವ್ಯಾಪಾರಕ್ಕೆ ಒಳ್ಳೆಯದು. ಸಂತೆಗೆ ಬರುವವರ ಮನೆಯಲ್ಲಿ ಕಾಫಿ ಇದ್ದೇ ಇರುತ್ತದೆ. ಮಡಿಕೇರಿ ದಸರಾ, 1997ರಿಂದ ನಡೆಯುತ್ತಿರುವ ಕೊಡವ ಕುಟುಂಬಗಳ ಹಾಕಿ ಹಬ್ಬ, ಇಂಥ ಕಡೆ ಹೊರಗಿನಿಂದ ಊರಿಗೆ ಬಂದವರು ಸಿಗುತ್ತಾರೆ. ಸ್ಟಾಲ್ ಬಾಡಿಗೆ ಜಾಸ್ತಿ ಅನಿಸಿದರೆ ಇನ್ನಿಬ್ಬರ ಜೊತೆ ಹಂಚಿಕೊಳ್ಳಿ, ಒಬ್ಬರದು ಮೆಣಸು, ಒಬ್ಬರದು ಜೇನು ಇರಲಿ.

7. ಫೋನಿನಲ್ಲೇ ಅಂಗಡಿ

ವೆಬ್‌ಸೈಟ್ ಈಗ ಬೇಡ. ವಾಟ್ಸ್ಆ್ಯಪ್ ಬಿಸಿನೆಸ್ ಉಚಿತ. ಅದರಲ್ಲಿ ಕ್ಯಾಟಲಾಗ್, ಅಂದರೆ ಫೋಟೊ ಮತ್ತು ಬೆಲೆಯ ಪಟ್ಟಿ, ಹಾಕಿಡಿ. ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ವ್ಯಾಪಾರದ ಹೆಸರು ಸೇರಿಸುವುದೂ ಉಚಿತ, ಅದಕ್ಕೆ ಜಾಗದ ವಿಡಿಯೊ ಕೇಳಬಹುದು.

ಬ್ರಾಡ್‌ಕಾಸ್ಟ್ ಅಂದರೆ ಒಂದೇ ಮೆಸೇಜು ಎಲ್ಲರಿಗೂ ಬೇರೆ ಬೇರೆಯಾಗಿ ಹೋಗುವುದು. ಇದರಲ್ಲಿ ಒಂದು ಸೂಕ್ಷ್ಮ ಇದೆ. ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಹಾಗಾಗಿ ಪ್ಯಾಕೆಟ್ ಕೊಡುವಾಗಲೇ "ನಂಬರ್ ಸೇವ್ ಮಾಡ್ಕೊಳ್ಳಿ ಸಾರ್, ಹೊಸದಾಗಿ ಹುರಿದಾಗ ತಿಳಿಸ್ತೇನೆ" ಅನ್ನಿ. ತಿಂಗಳಿಗೆ ಒಂದೇ ಮೆಸೇಜ್ ಸಾಕು. ಬೆಳಗಿನ ಶುಭಾಶಯದ ಹೂವಿನ ಚಿತ್ರ ಕಳಿಸಿದರೆ ಬ್ಲಾಕ್ ಮಾಡುತ್ತಾರೆ.

ಆರ್ಡರ್ ಬಂದಾಗ ಒಂದು ಪ್ರಶ್ನೆ ಕೇಳಿ: "ಯಾವುದರಲ್ಲಿ ಮಾಡ್ತೀರಿ?" ಸ್ಟೀಲ್ ಫಿಲ್ಟರ್‌ಗೆ ನುಣ್ಣಗಿನ ಪುಡಿ ಬೇಕು, ಫ್ರೆಂಚ್ ಪ್ರೆಸ್‌ಗೆ, ಅಂದರೆ ಒತ್ತಿ ಸೋಸುವ ಜಗ್ಗಿಗೆ, ತರಿತರಿ. ಉತ್ತರವನ್ನು ನೋಟ್‌ಬುಕ್‌ನಲ್ಲಿ ಹೆಸರಿನ ಮುಂದೆ ಬರೆಯಿರಿ, ಪಕ್ಕದಲ್ಲಿ ಕಳಿಸಿದ ತಾರೀಕು. 200 ಗ್ರಾಂ ಇಬ್ಬರ ಮನೆಗೆ ಎಷ್ಟು ದಿನ ಬರುತ್ತದೆ ಅಂತ ನಿಮಗೇ ಅಂದಾಜು ಸಿಗುತ್ತದೆ. ಮುಗಿಯುವ ಎರಡು ದಿನ ಮೊದಲು ನೀವೇ ಕೇಳಿದರೆ ಆರ್ಡರ್ ನಿಮ್ಮದು.

ಮೋಸದ ಕರೆಗಳೂ ಬರುತ್ತವೆ. "ನಾವು ಮಿಲಿಟರಿ ಕ್ಯಾಂಪಿನವರು, 50 ಪ್ಯಾಕೆಟ್ ಬೇಕು, ಈ ಕೋಡ್ ಸ್ಕ್ಯಾನ್ ಮಾಡಿ ದುಡ್ಡು ಬರುತ್ತೆ" ಅಂತ. ಸೈನ್ಯದ ಹೆಸರು ಕೇಳಿದರೆ ನಮ್ಮ ಜಿಲ್ಲೆಯವರ ಮನಸ್ಸು ಮೆತ್ತಗಾಗುತ್ತದೆ, ಅವರಿಗೂ ಅದು ಗೊತ್ತು. ದುಡ್ಡು ಪಡೆಯಲು ನೀವು ಸ್ಕ್ಯಾನ್ ಮಾಡುವುದಾಗಲಿ ಪಿನ್ ಒತ್ತುವುದಾಗಲಿ ಎಂದಿಗೂ ಬೇಕಿಲ್ಲ.

8. ಕಳಿಸುವುದು

ಪ್ಯಾಕೆಟ್ ಯಾಕೆ 200 ಗ್ರಾಂ ಅಂತ ನಿಮಗೆ ಅನಿಸಿರಬಹುದು. ಸ್ಪೀಡ್ ಪೋಸ್ಟ್ ದರ 500 ಗ್ರಾಂ ದಾಟಿದ ಕೂಡಲೆ ಮುಂದಿನ ಹಂತಕ್ಕೆ ಏರುತ್ತದೆ. 250 ಗ್ರಾಂನ ಎರಡು ಇಟ್ಟರೆ ಕವರ್ ತೂಕ ಸೇರಿ 500 ದಾಟಿಹೋಗುತ್ತದೆ. 200ರ ಎರಡಾದರೆ ಕವರ್ ಸಮೇತ ಒಳಗೇ ನಿಲ್ಲುತ್ತದೆ. ಅಂಚೆ ಖರ್ಚನ್ನು ಬೆಲೆಯಲ್ಲಿ ಅಡಗಿಸಬೇಡಿ, ಬೇರೆಯಾಗಿ ಹೇಳಿ.

ಐದು ಹತ್ತು ಕಿಲೋ ಒಟ್ಟಿಗೆ ಬೆಂಗಳೂರಿಗೋ ಮೈಸೂರಿಗೋ ಹೋಗುವುದಾದರೆ ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೋ ವಿಚಾರಿಸಿ. ನಮ್ಮ ಜಿಲ್ಲೆಯಲ್ಲಿ ರೈಲು ಇಲ್ಲ, ಬಸ್ಸೇ ಗತಿ. ಅಪಾರ್ಟ್‌ಮೆಂಟಿನ ಒಬ್ಬರು ಹತ್ತು ಮನೆಯ ಆರ್ಡರ್ ಸೇರಿಸಿ ತರಿಸಿಕೊಂಡರೆ ಎಲ್ಲರಿಗೂ ಅಗ್ಗ. ಅಂಥ ಒಬ್ಬರು ಸಿಕ್ಕರೆ ಅವರಿಗೆ ಒಂದು ಪ್ಯಾಕೆಟ್ ಉಚಿತ ಕೊಡಿ.

9. ಸಾಲ ಮತ್ತು ತರಬೇತಿ

ಮೊದಲ ಆರು ತಿಂಗಳು ಸಾಲ ಬೇಡ. ಆಮೇಲೆ ಬೇಕಾದರೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ ₹50,000 ತನಕ ಅಡಮಾನ ಇಲ್ಲದೆ ಸಿಗುತ್ತದೆ. ನೀವು ಬರೆದಿಟ್ಟ ನೋಟ್‌ಬುಕ್ ಮತ್ತು ಬೇರೆ ಖಾತೆ ಬ್ಯಾಂಕಿನಲ್ಲಿ ಕೆಲಸಕ್ಕೆ ಬರುವುದು ಆಗ. ಮೌಲ್ಯವರ್ಧನೆ, ಅಂದರೆ ಬೆಳೆಯನ್ನು ಹಾಗೇ ಮಾರದೆ ಪದಾರ್ಥ ಮಾಡಿ ಮಾರುವ ತರಬೇತಿಗೆ ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಹುರಿಯುವುದನ್ನೇ ಕಲಿಯಬೇಕು ಅನಿಸಿದರೆ ಕಾಫಿ ಮಂಡಳಿಯ ಕಾಪಿ ಶಾಸ್ತ್ರ ಕೋರ್ಸ್ ಇದೆ.

10. ಮಳೆಗಾಲಕ್ಕೆ ಮೊದಲೇ ತಯಾರಿ

ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಯಲ್ಲೇ ನೀರು. ಬಾಯಿ ತೆರೆದಿಟ್ಟ ಪುಡಿ ಅರ್ಧ ಗಂಟೆಯಲ್ಲಿ ತಣ್ಣಗೆ ಹಸಿಯಾಗುತ್ತದೆ, ವಾರದಲ್ಲಿ ಗಂಟು ಕಟ್ಟುತ್ತದೆ. ಮಳೆ ಹೊಡೆಯುವ ದಿನ ಪ್ಯಾಕ್ ಮಾಡಬೇಡಿ. ಬಿಸಿಲು ಇಣುಕಿದ ದಿನ ಮಿಲ್ಲಿಗೆ ಹೋಗಿ, ಐದೇ ಕಿಲೋ ಹುರಿಸಿ. ಸೀಲ್ ಮಾಡಿದ ಪ್ಯಾಕೆಟನ್ನು ನೀರಿನ ಬಕೆಟಿನಲ್ಲಿ ಅದುಮಿ ನೋಡಿ, ಗುಳ್ಳೆ ಬಂದರೆ ಸೀಲ್ ಸರಿಯಿಲ್ಲ. ಅದನ್ನು ಮನೆಗೆ ಇಟ್ಟುಕೊಳ್ಳಿ.

ಮರ ಬಿದ್ದರೆ ಕರೆಂಟು ಹೋಗುತ್ತದೆ, ಆಮೇಲೆ ನೆಟ್‌ವರ್ಕೂ ಹೋಗುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಪ್ರವಾಸಿಗರು ನಿಂತೇ ಹೋದರು, ಪ್ರವಾಸಿಗರನ್ನೇ ನಂಬಿದ ಅಂಗಡಿಗಳು ಬಾಗಿಲು ಹಾಕಿದವು. ಮೇ ಕೊನೆಯ ವಾರ ನೋಟ್‌ಬುಕ್ ತೆಗೆದು ಹಳೆ ಗಿರಾಕಿಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ. "ಮಳೆ ಹಿಡಿದರೆ ಪೋಸ್ಟ್ ತಡ ಆಗಬಹುದು, ಜೂನ್‌ದು ಈಗಲೇ ಕಳಿಸ್ಲಾ?" ಅಂತ ಕೇಳಿ. ಮೆಸೇಜ್ ಬೇಡ, ಫೋನೇ ಮಾಡಿ.